ರೋಗಿಯ ರಕ್ತಕಣವೇ ಔಷಧ: ಅದರ ಒಡೆತನದ ವಿಚಾರ

(ಗುಡೇಮಾರನಹಳ್ಳಿಯ ಒಬ್ಬ ನಿವೃತ್ತ ಉಪಾಧ್ಯಾಯರಿಂದ)

ಔಷಧವೆಂದರೆ ಕಷಾಯ, ಲೇಹ್ಯ, ಮಾತ್ರೆ, ಸೂಜಿಮದ್ದು ಎಂದು ತಿಳಿದುಬಂದಿರುವ ನಮ್ಮ ಮನೆಗಳಲ್ಲಿ, ರೋಗಿಯ ರಕ್ತದೊಳಗಿನ ಕಣವನ್ನೇ ಹೊರಕ್ಕೆ ತೆಗೆದು, ಅದಕ್ಕೆ ಹೊಸ ವಿದ್ಯೆಯೊಂದನ್ನು ಕಲಿಸಿ, ಮರಳಿ ಅದೇ ರೋಗಿಯ ಮೈಗೆ ಸೇರಿಸಿ ರೋಗವನ್ನು ಗೆಲ್ಲುವರೆಂದು ಹೇಳಿದರೆ, ಕೇಳಿದವರು ಅದನ್ನು ಪುರಾಣದ ಕಥೆಗಳ ಸಾಲಿಗೆ ಸೇರಿಸಿಯಾರು. ಆದರೆ ಇದು ಕಥೆಯಲ್ಲ. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಕೇಂದ್ರದವರು ಕೂಡಿ ರೂಪಿಸಿದ ಇಂತಹ ಒಂದು ಔಷಧಕ್ಕೆ ೨೦೨೩ನೆಯ ಅಕ್ಟೋಬರ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಔಷಧ ನಿಯಂತ್ರಣ ಇಲಾಖೆಯ ಅನುಮತಿ ದೊರೆಯಿತು. ೨೦೨೪ನೆಯ ಏಪ್ರಿಲ್ ೪ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಅದನ್ನು ಲೋಕಾರ್ಪಣೆ ಮಾಡಿದರು. ನೆಕ್ಸ್‌ಕಾರ್-೧೯ ಎಂದು ಅದರ ಹೆಸರು. ಮರುವರ್ಷ, ಎಂದರೆ ೨೦೨೫ನೆಯ ಜನವರಿಯಲ್ಲಿ, ನಮ್ಮ ಬೆಂಗಳೂರಿನ ಇಮ್ಯುನೀಲ್ ಥೆರಪ್ಯೂಟಿಕ್ಸ್ ಸಂಸ್ಥೆಯವರು ಕಾರ್ಟೆಮಿ ಎಂಬ ಎರಡನೆಯದನ್ನು ಹೊರತಂದರು. ನಮ್ಮೂರಿನಿಂದ ಬೆಳಗಿನ ಬಸ್ಸು ಹತ್ತಿದವರು ಮಧ್ಯಾಹ್ನದೊಳಗೆ ತಲಪಬಹುದಾದ ಸ್ಥಳದಲ್ಲಿ ಈ ಮಹತ್ಕಾರ್ಯ ನಡೆಯುತ್ತಿರುವುದು.

ಸಂತೋಷದ ಈ ಸುದ್ದಿಯ ಬೆನ್ನಿಗೆ ಒಂದು ಬೆಲೆಯೂ ಅಂಟಿಕೊಂಡಿರುವುದು. ಅಮೆರಿಕ ದೇಶದಲ್ಲಿ ೨೦೧೭ರಲ್ಲಿ ಮೊದಲ ಬಾರಿಗೆ ಇಂತಹ ಔಷಧ ಮಾರಾಟಕ್ಕೆ ಬಂದಾಗ ಅದರ ಬೆಲೆ ೪,೭೫,೦೦೦ ಡಾಲರು. ಅಂದಿನ ಲೆಕ್ಕದಲ್ಲಿ ಸುಮಾರು ಮೂರು ಕೋಟಿ ರೂಪಾಯಿ. ನಮ್ಮ ದೇಶದಲ್ಲಿ ತಯಾರಾದುದಕ್ಕೆ ಸುಮಾರು ೪೦ ಲಕ್ಷ ರೂಪಾಯಿಯೆಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಮೂರು ಕೋಟಿಯ ಮುಂದೆ ನಲವತ್ತು ಲಕ್ಷ ಅಲ್ಪವೆ. ಆದರೆ ರಾಗಿ ಬೆಳೆದು, ರೇಷ್ಮೆಗೂಡು ಮಾರಿ ಜೀವಿಸುವ ಮಾಗಡಿ ಸೀಮೆಯ ಒಕ್ಕಲಿಗೆ ಅದು ಹೊಲಮನೆಗಳೆರಡನ್ನೂ ಮಾರಿದರೂ ಕೂಡದ ಹಣ. ಆದುದರಿಂದಲೇ ಜಗಲಿಯ ಮೇಲೆ ಕುಳಿತು ಪತ್ರಿಕೆ ಓದಿಸಿ ಕೇಳುವ ಹಿರಿಯರು ನಮ್ಮನ್ನು ಕೇಳುವ ಪ್ರಶ್ನೆ ಇದು: “ರಕ್ತ ನಮ್ಮದು, ಕಣ ನಮ್ಮದು, ಅದಕ್ಕೆ ಒಡೆಯರು ಮಾತ್ರ ಬೇರೆಯವರು ಹೇಗಾದರು, ಮೇಷ್ಟ್ರೆ?” ಈ ಪ್ರಶ್ನೆಗೆ ಉತ್ತರವು ಪೇಟೆಂಟು ಎಂಬ ಒಂದು ಮಾತಿನಲ್ಲಿ ಅಡಗಿರುವುದು. ಪೇಟೆಂಟನ್ನು ಕೊಡುವ ಮುನ್ನ ಸರ್ಕಾರವು ಮಾಡುವ ಪರೀಕ್ಷೆ ಎಂತಹುದೆಂಬುದನ್ನು ನಮ್ಮ ವಾಚಕರಿಗೆ, ವಿಶೇಷವಾಗಿ ಮನೆಯಲ್ಲಿ ರೋಗಿಗಳ ಶುಶ್ರೂಷೆಯ ಹೊಣೆ ಹೊತ್ತಿರುವ ಸೋದರಿಯರಿಗೆ, ಯಥಾಮತಿಯಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಈ ಚಿಕಿತ್ಸೆ ಎಂತಹುದು?

ನಮ್ಮ ರಕ್ತದಲ್ಲಿ ಕೆಂಪು ಕಣಗಳಿರುವಂತೆ ಬಿಳಿಯ ಕಣಗಳೂ ಇರುವುವಷ್ಟೆ. ಈ ಬಿಳಿಯ ಕಣಗಳು ಶರೀರವೆಂಬ ಕೋಟೆಯ ಕಾವಲುಗಾರರು. ಇವುಗಳಲ್ಲಿ ‘ಟಿ’ ಕಣಗಳೆಂಬ ಒಂದು ಪಂಗಡವು ಶತ್ರುವನ್ನು ಗುರುತಿಸಿ ನೇರವಾಗಿ ಸಂಹರಿಸಬಲ್ಲುದು. ಆದರೆ ಅರ್ಬುದರೋಗದ, ಎಂದರೆ ಕ್ಯಾನ್ಸರಿನ, ಕಣವು ಹೊರಗಿನಿಂದ ಬಂದ ಶತ್ರುವಲ್ಲ. ಮನೆಯವನೇ ಕೆಟ್ಟು ಕಳ್ಳನಾದಂತೆ. ಕಾವಲುಗಾರನು ಅವನನ್ನು ಮನೆಯವನೆಂದೇ ಬಗೆದು ಬಿಟ್ಟುಬಿಡುವನು. ಕಾವಲುಗಾರನಿಗೆ ಈ ಕಳ್ಳನ ಗುರುತನ್ನು ತೋರಿಸಿಕೊಟ್ಟರೆ ಹೇಗೆ? ಇಸ್ರೇಲ್ ದೇಶದ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್ಹಾರ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ೧೯೮೯ರಲ್ಲಿ ಈ ದಾರಿಯನ್ನು ತೋರಿಸಿದರು. ಶತ್ರುವನ್ನು ಹಿಡಿಯಬಲ್ಲ ಪ್ರತಿಕಾಯದ ತಲೆಯನ್ನು ಟಿ ಕಣದ ಗ್ರಾಹಕದ ಒಡಲಿಗೆ ಜೋಡಿಸಿದರು. ದೇವಾಲಯಗಳ ಕಂಬಗಳಲ್ಲಿ ಸಿಂಹದ ಒಡಲೂ ಆನೆಯ ಸೊಂಡಿಲೂ ಕೂಡಿದ ಯಾಳಿಯನ್ನು ವಾಚಕರು ನೋಡಿರುವರು. ಇದೂ ಅಂತಹುದೇ ಒಂದು ಮಿಶ್ರರೂಪ. ಗ್ರೀಕರ ಪುರಾಣದ ಇಂತಹುದೇ ಪ್ರಾಣಿಯೊಂದರ ಹೆಸರಿನಿಂದ ಇದನ್ನು ಕೈಮೆರಿಕ್ ಗ್ರಾಹಕವೆಂದರು. ‘ಕಾರ್-ಟಿ’ ಎಂದು ಪತ್ರಿಕೆಗಳಲ್ಲಿ ಕಾಣುವ ಮಾತು ಇದರ ಸಂಕ್ಷೇಪ.

ಕ್ರಮವು ಹೀಗೆ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹರಿಸಿ ಬಿಳಿಯ ಕಣಗಳನ್ನು ಬೇರ್ಪಡಿಸುವರು. ಅವುಗಳಿಂದ ಟಿ ಕಣಗಳನ್ನು ಆರಿಸಿ, ಹಾನಿ ಮಾಡಲಾರದಂತೆ ಪಳಗಿಸಿದ ವೈರಸ್ಸೊಂದರ ಮೂಲಕ ಹೊಸ ಗ್ರಾಹಕದ ಜೀನನ್ನು ಅವುಗಳೊಳಗೆ ಸೇರಿಸುವರು. ಅನಂತರ ಅತ್ಯಂತ ಶುದ್ಧವಾದ ಕೊಠಡಿಗಳಲ್ಲಿ ಆ ಕಣಗಳನ್ನು ಕೋಟಿಗಟ್ಟಲೆಯಾಗಿ ಬೆಳೆಯಿಸಿ, ಪರೀಕ್ಷಿಸಿ, ಮರಳಿ ರೋಗಿಯ ರಕ್ತನಾಳಕ್ಕೆ ಹನಿಸುವರು. ಒಬ್ಬ ರೋಗಿಗೆ ತಯಾರಾದುದು ಅವನಿಗೇ ಹೊರತು ಇನ್ನೊಬ್ಬನಿಗಲ್ಲ. ಮೇಲೆ ಹೇಳಿದ ಎರಡು ಔಷಧಗಳೂ ರಕ್ತದ ಕೆಲವು ಬಗೆಯ ಅರ್ಬುದಗಳಲ್ಲಿ, ಕಣದ ಮೈಮೇಲಿರುವ ‘ಸಿ.ಡಿ. ೧೯’ ಎಂಬ ಗುರುತನ್ನು ಹಿಡಿದು ಹೋರಾಡುವುವು. ಬೇರೆ ಚಿಕಿತ್ಸೆಗಳೆಲ್ಲ ಸೋತಮೇಲೆ ಇವನ್ನು ಕೊಡುವರು. ಎಲ್ಲರಲ್ಲಿಯೂ ಫಲಿಸುವುದೆಂದಾಗಲಿ, ಫಲಿಸಿದುದು ಎಲ್ಲರಲ್ಲಿಯೂ ನಿಲ್ಲುವುದೆಂದಾಗಲಿ ತಿಳಿಯಬಾರದು. ತೀವ್ರವಾದ ಜ್ವರವೇ ಮೊದಲಾದ ಅಪಾಯಗಳೂ ಉಂಟು.

ಪೇಟೆಂಟೆಂದರೇನು?

ಪೇಟೆಂಟೆಂಬುದು ಸರ್ಕಾರಕ್ಕೂ ಶೋಧಕನಿಗೂ ನಡೆಯುವ ಒಂದು ಕರಾರು. ಶೋಧಕನು ತನ್ನ ಶೋಧದ ಮರ್ಮವನ್ನು ಮುಚ್ಚಿಡದೆ ಬರೆದು ಲೋಕದ ಮುಂದೆ ಇಡತಕ್ಕದ್ದು. ಅದಕ್ಕೆ ಪ್ರತಿಯಾಗಿ ಸರ್ಕಾರವು, ಅರ್ಜಿಯ ದಿನದಿಂದ ೨೦ ವರ್ಷಗಳವರೆಗೆ, ಅವನ ಅನುಮತಿಯಿಲ್ಲದೆ ಮತ್ತಾರೂ ಅದನ್ನು ಮಾಡಿ ಮಾರಕೂಡದೆಂದು ತಡೆಯುವ ಅಧಿಕಾರವನ್ನು ಅವನಿಗೆ ಕೊಡುವುದು. ಅವಧಿ ತೀರಿದಮೇಲೆ ಅದು ಎಲ್ಲರ ಸೊತ್ತು. ಚನ್ನಪಟ್ಟಣದ ಬೊಂಬೆಗಳಿಗೆ ದೊರೆತಿರುವ ಭೌಗೋಳಿಕ ಸೂಚಕದ ರಕ್ಷಣೆಯನ್ನು ಇದರೊಡನೆ ಬೆರಸಬಾರದು. ಅದು ಊರಿನ ಕುಶಲಕರ್ಮಿಗಳೆಲ್ಲರ ಹೆಸರನ್ನು ಕಾಯುವುದು, ನವೀಕರಿಸಿದಷ್ಟು ಕಾಲವೂ ನಡೆಯುವುದು. ಇದು ಹೊಸತನ್ನು ಕಂಡುಹಿಡಿದವನಿಗೆ ಮಾತ್ರ, ಅದೂ ಗೊತ್ತಾದ ಅವಧಿಗೆ ಮಾತ್ರ.

ನಮ್ಮ ದೇಶಕ್ಕೆ ಈ ಪದ್ಧತಿ ಹೊಸದಲ್ಲ. ೧೮೫೬ರಲ್ಲಿ ಮೊದಲ ಶಾಸನವಾದಾಗ ಕಲ್ಕತ್ತೆಯ ಡಿಪೆನ್ನಿಂಗ್ ಎಂಬ ಇಂಜಿನಿಯರು ಪಂಕ ಎಳೆಯುವ ಯಂತ್ರಕ್ಕಾಗಿ ಅರ್ಜಿ ಹಾಕಿದರು. ೧೯೧೧ರ ಕಾನೂನು ಬಹುಕಾಲ ನಡೆಯಿತು. ಸ್ವಾತಂತ್ರ್ಯಾನಂತರ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ಯರು ೧೯೫೯ರಲ್ಲಿ ಒಪ್ಪಿಸಿದ ವರದಿಯ ಆಧಾರದಿಂದ ೧೯೭೦ರ ಕಾನೂನು ಹುಟ್ಟಿತು. ಅದರಲ್ಲಿ ಔಷಧವನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟು, ಔಷಧವಸ್ತುವಿಗೆ ಇಲ್ಲವೆಂದು ವಿಧಿಸಿದ್ದರು. ಬೇರೊಂದು ದಾರಿಯಿಂದ ಅದೇ ಔಷಧವನ್ನು ತಯಾರಿಸಲು ನಮ್ಮ ಕಾರ್ಖಾನೆಗಳಿಗೆ ಹೀಗೆ ಅವಕಾಶವಾಯಿತು, ಮಾತ್ರೆಗಳು ಅಗ್ಗವಾದುವು. ಅನಂತರ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದಕ್ಕೆ ಅನುಸಾರವಾಗಿ ೨೦೦೫ನೆಯ ಜನವರಿ ೧ರಿಂದ ಔಷಧವಸ್ತುವಿಗೂ ಪೇಟೆಂಟು ಕೊಡಬೇಕಾಯಿತು. ಬಾಗಿಲನ್ನು ಹೀಗೆ ತೆರೆದಾಗ, ಅದಕ್ಕೆ ಒಬ್ಬ ದ್ವಾರಪಾಲಕನನ್ನೂ ನಿಲ್ಲಿಸಿದರು. ಅವನೇ ಪರೀಕ್ಷಕನು, ಅವನ ಕೈಯಲ್ಲಿರುವ ದಂಡವೇ ಕಾನೂನಿನ ಮೂರನೆಯ ಪ್ರಕರಣ.

ಪರೀಕ್ಷೆಯ ಕ್ರಮ

ಪೇಟೆಂಟು ಕಛೇರಿಗಳು ಕಲ್ಕತ್ತೆ, ದೆಹಲಿ, ಮುಂಬಯಿ, ಮದರಾಸು, ಈ ನಾಲ್ಕು ನಗರಗಳಲ್ಲಿವೆ. ಕರ್ನಾಟಕದವರ ಅರ್ಜಿ ಮದರಾಸಿನ, ಎಂದರೆ ಈಗಿನ ಚೆನ್ನೈನ, ಕಛೇರಿಗೆ ಸೇರುವುದು. ಅರ್ಜಿ ಬಿದ್ದ ೧೮ ತಿಂಗಳ ತರುವಾಯ ಅದನ್ನು ಸಾರ್ವಜನಿಕವಾಗಿ ಪ್ರಕಟಿಸುವರು. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ನಡೆಯದು; ಪರೀಕ್ಷೆಯಾಗಬೇಕೆಂದು ಪ್ರತ್ಯೇಕವಾಗಿ ಕೋರಿಕೊಳ್ಳಬೇಕು. ಇದಕ್ಕೆ ಹಿಂದೆ ೪೮ ತಿಂಗಳ ಅವಕಾಶವಿದ್ದಿತು; ೨೦೨೪ರ ತಿದ್ದುಪಡಿಯಿಂದ, ಅಲ್ಲಿಂದೀಚಿನ ಅರ್ಜಿಗಳಿಗೆ, ಅದನ್ನು ೩೧ ತಿಂಗಳಿಗೆ ಇಳಿಸಿರುವರು. ಪರೀಕ್ಷಕನು ಲೋಕದಲ್ಲಿ ಅದುವರೆಗೆ ಪ್ರಕಟವಾದ ಲೇಖನಗಳನ್ನೂ ಪೇಟೆಂಟುಗಳನ್ನೂ ಶೋಧಿಸಿ ತನ್ನ ಆಕ್ಷೇಪಗಳನ್ನು ಬರೆದು ಕಳುಹಿಸುವನು. ಅರ್ಜಿದಾರನು ಆರು ತಿಂಗಳೊಳಗೆ ಉತ್ತರ ಕೊಡತಕ್ಕದ್ದು. ಕೋರಿದರೆ ಇನ್ನೂ ಮೂರು ತಿಂಗಳು. ಬಳಿಕ ವಿಚಾರಣೆ, ಅದರಮೇಲೆ ಕಂಟ್ರೋಲರರ ಲಿಖಿತವಾದ ನಿರ್ಣಯ. ಅದು ಒಪ್ಪಿಗೆಯಾಗದಿದ್ದರೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ.

ನಾವೂ ಬಹುಕಾಲ ಉತ್ತರಪತ್ರಿಕೆಗಳನ್ನು ತಿದ್ದಿದವರೇ. ಆದರೆ ಶಾಲೆಯ ಪರೀಕ್ಷೆಗೂ ಇದಕ್ಕೂ ದೊಡ್ಡ ಭೇದವುಂಟು. ಶಾಲೆಯಲ್ಲಿ ಹಿಂದಿನವರು ಹೇಳಿದುದನ್ನೇ ಸರಿಯಾಗಿ ಹೇಳಿದವನು ತೇರ್ಗಡೆಯಾಗುವನು. ಇಲ್ಲಿ ಹಿಂದಿನವರು ಯಾರೂ ಹೇಳದುದನ್ನು ಹೇಳಿದವನು ಮಾತ್ರ ತೇರ್ಗಡೆಯಾಗುವನು.

ಚಕ್ಕುಬಂದಿಯ ವಾಕ್ಯಗಳು

ಅರ್ಜಿಯ ಹೃದಯವೆಂದರೆ ಅದರ ಕೊನೆಯಲ್ಲಿರುವ ಹಕ್ಕುವಾಕ್ಯಗಳು. ಜಮೀನಿನ ಕ್ರಯಪತ್ರದಲ್ಲಿ ಪೂರ್ವಕ್ಕೆ ಇಂತಹವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಓಣಿ ಎಂದು ಚಕ್ಕುಬಂದಿ ಬರೆಯುವಂತೆ, ‘ಇಷ್ಟು ನನ್ನದು’ ಎಂದು ಶೋಧಕನು ಇಲ್ಲಿ ಎಲ್ಲೆಯನ್ನು ಬರೆಯುವನು. ಚಕ್ಕುಬಂದಿ ಬರೆಯುವಾಗ ಊರ ಗೋಮಾಳವನ್ನೂ ಒಳಗೆ ಸೇರಿಸಿಕೊಳ್ಳುವ ಆಸೆ ಕೆಲವರಿಗೆ ಹುಟ್ಟುವಂತೆ ಇಲ್ಲಿಯೂ ಹುಟ್ಟುವುದುಂಟು. ಪರೀಕ್ಷಕನು ಹಗ್ಗ ಹಿಡಿದು ಅಳೆಯುವ ಶಾನುಭೋಗನು.

ಟಿ ಕಣದ ಚಿಕಿತ್ಸೆಯ ಅರ್ಜಿಯಲ್ಲಿ ಸಾಮಾನ್ಯವಾಗಿ ಆರು ಬಗೆಯ ಹಕ್ಕುಗಳನ್ನು ಕೇಳುವರು: ಹೊಸ ಗ್ರಾಹಕ, ಅದರ ಜೀನು, ಜೀನನ್ನು ಒಯ್ಯುವ ವಾಹಕ, ಜೀನು ಸೇರಿದ ಕಣ, ಕಣವನ್ನು ಮೈಯ ಹೊರಗೆ ತಯಾರಿಸುವ ವಿಧಾನ, ಕೊನೆಗೆ, ಆ ಕಣದಿಂದ ರೋಗಿಗೆ ಚಿಕಿತ್ಸೆ ಮಾಡುವ ವಿಧಾನ. ಇವುಗಳಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಒರೆಗೆ ಹಚ್ಚತಕ್ಕದ್ದು.

ಮೊದಲನೆಯ ಒರೆ ನವೀನತೆ. ಪ್ರತಿಕಾಯದ ತಲೆಯನ್ನು ಟಿ ಕಣಕ್ಕೆ ಜೋಡಿಸಬಹುದೆಂಬ ಸಾಮಾನ್ಯ ವಿಚಾರವು ೧೯೮೯ರಲ್ಲಿಯೇ ಅಚ್ಚಾಗಿರುವುದರಿಂದ, ಇಂದು ಅಷ್ಟನ್ನೇ ನನ್ನದೆನ್ನಲು ಯಾರಿಗೂ ಅಧಿಕಾರವಿಲ್ಲ. ಎರಡನೆಯದು ಬುದ್ಧಿಯ ಮುನ್ನಡೆ. ಚನ್ನಪಟ್ಟಣದಲ್ಲಿ ಕೆಂಪರಗಿನ ಬೊಂಬೆಗೆ ಹಸುರರಗನ್ನು ಬಳಿದವನು ಹೊಸತನ್ನೇ ಮಾಡಿರಬಹುದು. ಆದರೆ ಹಗಿನದ ಕೆಲಸ ಬಲ್ಲ ಯಾವನಿಗಾದರೂ ಅದು ಸುಲಭವಾಗಿ ಹೊಳೆಯುವುದಾದುದರಿಂದ ಅದು ಶೋಧವಲ್ಲ. ಹಾಗೆಯೇ ಗ್ರಾಹಕದಲ್ಲಿ ಒಂದು ತುಂಡನ್ನು ತೆಗೆದು ಇನ್ನೊಂದನ್ನು ಇಟ್ಟೆನೆಂದರೆ ಸಾಲದು. ಆ ಶಾಸ್ತ್ರದಲ್ಲಿ ನುರಿತವನಿಗೆ ಅದು ಸಹಜವಾಗಿ ಹೊಳೆಯುವಂತಿತ್ತೆ, ಅದರಿಂದ ಹೆಚ್ಚಿನ ಫಲವೇನಾಯಿತು ಎಂದು ಕೇಳುವರು. ಮುಂಬಯಿಯ ಔಷಧದಲ್ಲಿ ಇಲಿಯ ಪ್ರತಿಕಾಯದಿಂದ ಬಂದ ಭಾಗವನ್ನು ಮಾನವ ಪ್ರತಿಕಾಯಕ್ಕೆ ಹೋಲುವಂತೆ ಮಾರ್ಪಡಿಸಿರುವರು. ಇಂತಹ ಬದಲಾವಣೆಗಳ ಯೋಗ್ಯತೆಯನ್ನು ಅಳೆಯುವುದೇ ಪರೀಕ್ಷಕನ ಕಷ್ಟದ ಕೆಲಸ.

ಮೂರನೆಯದೇ ಆ ಮೂರನೆಯ ಪ್ರಕರಣ. ಅದು ಶೋಧವಲ್ಲದುವುಗಳ ಪಟ್ಟಿ. ಪ್ರಕೃತಿಯಲ್ಲಿ ತಾನಾಗಿ ಇರುವ ಜೀವವನ್ನು ಕಂಡುಕೊಂಡರೆ ಅದು ಶೋಧವಲ್ಲ. ಆದುದರಿಂದ ಬದಲಾಯಿಸದ ಟಿ ಕಣಕ್ಕೆ ಪೇಟೆಂಟಿಲ್ಲ. ಸೂಕ್ಷ್ಮಜೀವಿಗಳ ಹೊರತು ಸಸ್ಯಗಳಿಗೂ ಪ್ರಾಣಿಗಳಿಗೂ, ಅವುಗಳ ಯಾವ ಭಾಗಕ್ಕೂ, ಬಿತ್ತನೆಯ ಬೀಜಕ್ಕೂ ಪೇಟೆಂಟಿಲ್ಲ. ನಮ್ಮ ರಾಗಿಯ ಬೀಜವನ್ನು ಕಾಯುವ ಇದೇ ವಾಕ್ಯವು ಜೀನು ಸೇರಿಸಿದ ಕಣದ ಮುಂದೆಯೂ ಬಂದು ನಿಲ್ಲುವುದು. ‘ಕಣವು ಪ್ರಾಣಿಯ ಭಾಗವಲ್ಲವೆ?’ ಎಂದು ಪರೀಕ್ಷಕನ ಪೂರ್ವಪಕ್ಷ. ‘ಇದು ಪ್ರಕೃತಿಯಲ್ಲಿ ಇಲ್ಲದ, ಮನುಷ್ಯನ ಕೈಯಿಂದ ಆದ ವಸ್ತು’ ಎಂದು ಅರ್ಜಿದಾರನ ಉತ್ತರ. ಹಲವರು ಕಣದ ಹಕ್ಕನ್ನು ಕೈಬಿಟ್ಟು, ಗ್ರಾಹಕ ಮತ್ತು ಜೀನುಗಳ ಹಕ್ಕನ್ನು ಮಾತ್ರ ಉಳಿಸಿಕೊಳ್ಳಲು ನೋಡುವುದು ಈ ತೊಡಕಿನಿಂದಲೇ. ಹಾಗೆಂದು ಜೀವವಿರುವುದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ನಿರಾಕರಿಸುವಂತೆಯೂ ಇಲ್ಲ. ಕೋಳಿಗಳ ರೋಗಕ್ಕೆ ಸಜೀವ ಲಸಿಕೆಯನ್ನು ತಯಾರಿಸುವ ವಿಧಾನದ ವಿಷಯದಲ್ಲಿ, ಸಿದ್ಧವಾದ ವಸ್ತುವಿನಲ್ಲಿ ಜೀವವಿರುವುದು ಪೇಟೆಂಟಿಗೆ ಅಡ್ಡಿಯಲ್ಲವೆಂದು ಕಲ್ಕತ್ತೆಯ ಉಚ್ಚ ನ್ಯಾಯಾಲಯವು ೨೦೦೨ರಲ್ಲಿ ತೀರ್ಪಿತ್ತಿರುವುದು.

ಚಿಕಿತ್ಸಾವಿಧಾನದ ಹಕ್ಕಿಗಂತೂ ನಮ್ಮ ದೇಶದಲ್ಲಿ ಎಡೆಯೇ ಇಲ್ಲ. ಮನುಷ್ಯರ ರೋಗವನ್ನು ಗುಣಪಡಿಸುವ, ತಡೆಯುವ, ಪತ್ತೆಹಚ್ಚುವ ಯಾವ ವಿಧಾನವೂ ಒಬ್ಬನ ಸೊತ್ತಾಗಕೂಡದು. ಅಮೆರಿಕದಲ್ಲಿ ಇಂತಹ ವಿಧಾನಗಳಿಗೂ ಪೇಟೆಂಟು ಕೊಡುವರು. ನಮ್ಮಲ್ಲಿ ವೈದ್ಯನ ಕೈಯನ್ನು ಕಟ್ಟಬಾರದೆಂಬುದು ಶಾಸನದ ಆಶಯ. ತಿಳಿದಿದ್ದ ವಸ್ತುವಿಗೆ ಹೊಸ ಉಪಯೋಗವನ್ನು ಕಂಡುಹಿಡಿದರೂ ಪೇಟೆಂಟಿಲ್ಲ. ಇದಕ್ಕೆ ಒಂದು ದೃಷ್ಟಾಂತ: ೨೦೧೨ರಲ್ಲಿ ಅಮೆರಿಕದ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಿಕೆಗೆ ಈ ಚಿಕಿತ್ಸೆ ಕೊಟ್ಟಾಗ ಜ್ವರವೇರಿ ಪ್ರಾಣಸಂಕಟವಾಯಿತು. ಸಂಧಿವಾತಕ್ಕೆ ಬಳಸುತ್ತಿದ್ದ ಟೊಸಿಲಿಜುಮ್ಯಾಬ್ ಎಂಬ ಔಷಧವನ್ನು ವೈದ್ಯರು ಕೊಟ್ಟು ನೋಡಿದರು, ಮಗು ಬದುಕಿತು. ಅಂದಿನಿಂದ ಲೋಕದ ವೈದ್ಯರೆಲ್ಲರೂ ಈ ಜ್ವರಕ್ಕೆ ಅದನ್ನು ಬಳಸುವರು. ಹಳೆಯ ಔಷಧದ ಇಂತಹ ಹೊಸ ಉಪಯೋಗಕ್ಕೆ ನಮ್ಮ ಕಾನೂನು ಬೇಲಿ ಹಾಕಗೊಡದು. ಇದೇ ಉಪಪ್ರಕರಣದ ಬಲದಿಂದ ೨೦೧೩ನೆಯ ಏಪ್ರಿಲ್ ೧ರಂದು ನಮ್ಮ ಸುಪ್ರೀಂ ಕೋರ್ಟು, ರಕ್ತದ ಅರ್ಬುದಕ್ಕೆ ಕೊಡುವ ಗ್ಲಿವೆಕ್ ಎಂಬ ಮಾತ್ರೆಯ ವಿಷಯದಲ್ಲಿ, ನೊವಾರ್ಟಿಸ್ ಕಂಪನಿಯ ಕೋರಿಕೆಯನ್ನು ತಿರಸ್ಕರಿಸಿತು. ತಿಳಿದ ವಸ್ತುವಿನ ಹೊಸ ರೂಪವು ರೋಗವನ್ನು ಗುಣಪಡಿಸುವ ಶಕ್ತಿಯಲ್ಲಿ ಮೇಲಾಗಿರಬೇಕು. ಇಲ್ಲದಿದ್ದರೆ ಅದು ಹೊಸತಲ್ಲ ಎಂಬುದು ಅಲ್ಲಿಯ ಸಿದ್ಧಾಂತ.

ಅತಿವ್ಯಾಪ್ತಿಯೆಂಬ ದೋಷ

ತರ್ಕಶಾಸ್ತ್ರವನ್ನು ಓದುವ ಬಾಲಕನಿಗೆ ಮೊದಲು ಕಲಿಸುವ ಪಾಠಗಳಲ್ಲಿ ಲಕ್ಷಣದ ಮೂರು ದೋಷಗಳು ಸೇರಿವೆ. ಹಸುವೆಂದರೆ ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬಂದಿತು, ಇದು ಅತಿವ್ಯಾಪ್ತಿ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯಿತು, ಇದು ಅವ್ಯಾಪ್ತಿ. ಹಸುವೆಂದರೆ ಒಂಟಿಗೊರಸಿನದು ಎಂದರೆ ಯಾವ ಹಸುವಿಗೂ ಹೊಂದದು, ಇದು ಅಸಂಭವ. ಹಕ್ಕುವಾಕ್ಯವೂ ಒಂದು ಲಕ್ಷಣವಾಕ್ಯವೇ. ಅದರಲ್ಲಿ ಅವ್ಯಾಪ್ತಿಯಿದ್ದರೆ ನಷ್ಟ ಶೋಧಕನಿಗೆ. ಅತಿವ್ಯಾಪ್ತಿಯಿದ್ದರೆ ನಷ್ಟ ಲೋಕಕ್ಕೆ.

ಈ ಅತಿವ್ಯಾಪ್ತಿಯ ಮೇಲೆ ಅಮೆರಿಕದಲ್ಲಿ ಒಂದು ದೊಡ್ಡ ವ್ಯಾಜ್ಯ ನಡೆಯಿತು. ಜೂನೊ ಎಂಬ ಕಂಪನಿಯವರ ವಶದಲ್ಲಿದ್ದ ಪೇಟೆಂಟು, ಮೂರು ಭಾಗಗಳುಳ್ಳ ಗ್ರಾಹಕವನ್ನು ಕುರಿತದ್ದು. ಅದರ ಒಂದು ಭಾಗವೇ ಶತ್ರುವನ್ನು ಹಿಡಿಯುವ ತಲೆ. ಪತ್ರದಲ್ಲಿ ವಿವರಿಸಿದ್ದುದು ಅಂತಹ ಎರಡು ತಲೆಗಳನ್ನು ಮಾತ್ರ. ಹಕ್ಕು ಕೇಳಿದ್ದುದಾದರೋ ಗುರಿಯನ್ನು ಹಿಡಿಯಬಲ್ಲ ಎಲ್ಲ ತಲೆಗಳ ಮೇಲೆ. ಕೈಟ್ ಎಂಬ ಮತ್ತೊಂದು ಕಂಪನಿಯು ತನ್ನ ಔಷಧವನ್ನು ಮಾರತೊಡಗಿದಾಗ ಜೂನೊದವರು ದಾವೆ ಹೂಡಿದರು. ೨೦೧೯ರ ಡಿಸೆಂಬರಿನಲ್ಲಿ ಪಂಚರು ಜೂನೊದ ಪರವಾಗಿ ತೀರ್ಪಿತ್ತರು. ಪರಿಹಾರದ ಮೊತ್ತ ಬೆಳೆದು ೧೨೦ ಕೋಟಿ ಡಾಲರಿಗೆ ಮುಟ್ಟಿತು. ಆದರೆ ೨೦೨೧ರ ಆಗಸ್ಟಿನಲ್ಲಿ ಮೇಲಿನ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಎರಡನ್ನು ವಿವರಿಸಿ ಎಲ್ಲವನ್ನೂ ತನ್ನದೆನ್ನುವುದು ಸಲ್ಲದೆಂದೂ, ಕೆಲಸ ಮಾಡುವ ತಲೆ ಯಾವುದು, ಮಾಡದುದು ಯಾವುದು ಎಂಬುದನ್ನು ತಿಳಿಯುವ ಬಗೆಯನ್ನು ಆ ಪತ್ರವು ಹೇಳಿಲ್ಲವೆಂದೂ ನ್ಯಾಯಾಧೀಶರು ಕಂಡುಕೊಂಡರು. ೨೦೨೨ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಮೇಲ್ಮನವಿಯನ್ನು ಸ್ವೀಕರಿಸದೆ ಬಿಟ್ಟಿತು. ಎರಡು ಹಸುಗಳನ್ನು ತೋರಿಸಿ ಕೊಂಬುಳ್ಳ ಮಂದೆಯನ್ನೆಲ್ಲ ಹೊಡೆದುಕೊಂಡು ಹೋಗಲು ಬಂದವನನ್ನು ತಡೆದಂತಾಯಿತು.

ನಮ್ಮ ಕಾನೂನಿನ ಹತ್ತನೆಯ ಪ್ರಕರಣದ ಅಭಿಪ್ರಾಯವೂ ಇದೇ. ಶೋಧವನ್ನೂ ಅದನ್ನು ಮಾಡುವ ಅತ್ಯುತ್ತಮ ಕ್ರಮವನ್ನೂ ಪೂರ್ತಿಯಾಗಿ ಬರೆಯತಕ್ಕದ್ದು. ಜೀವವಸ್ತುವನ್ನು ಮಾತಿನಿಂದ ವರ್ಣಿಸಿ ಮುಗಿಸಲಾಗದಿದ್ದರೆ, ಮತ್ತು ಅದು ಸಾರ್ವಜನಿಕರಿಗೆ ಸಿಕ್ಕುವಂತಿಲ್ಲದಿದ್ದರೆ, ಅಂತರರಾಷ್ಟ್ರೀಯ ಮನ್ನಣೆ ಪಡೆದ ಭಂಡಾರದಲ್ಲಿ ಅದರ ಮಾದರಿಯನ್ನು ಇಡತಕ್ಕದ್ದು. ನಮ್ಮ ದೇಶದಲ್ಲಿ ಚಂಡೀಗಢ, ಪುಣೆ ಮುಂತಾದೆಡೆ ಇಂತಹ ಭಂಡಾರಗಳುಂಟು.

ಆಕ್ಷೇಪಿಸುವ ಅಧಿಕಾರ

ಪರೀಕ್ಷಕನೂ ಮನುಷ್ಯನೇ, ಅವನ ಕಣ್ಣಿಗೆ ಬೀಳದುದೂ ಇರಬಹುದು. ಅದಕ್ಕಾಗಿ ಕಾನೂನು ಪ್ರಜೆಗಳಿಗೆ ಒಂದು ಅಧಿಕಾರವನ್ನು ಕೊಟ್ಟಿರುವುದು. ಅರ್ಜಿ ಪ್ರಕಟವಾದಂದಿನಿಂದ ಪೇಟೆಂಟು ಕೊಡುವವರೆಗೆ ಯಾರು ಬೇಕಾದರೂ ಲಿಖಿತವಾಗಿ ಆಕ್ಷೇಪಿಸಬಹುದು. ಕೊಟ್ಟಮೇಲೆಯೂ, ಅದು ಪ್ರಕಟವಾದ ಒಂದು ವರ್ಷದೊಳಗೆ, ಸಂಬಂಧಪಟ್ಟವರು ಆಕ್ಷೇಪಿಸಬಹುದು.

ಇದು ಬರಿಯ ಕಾಗದದ ಅಧಿಕಾರವೆಂದು ತಿಳಿಯಬೇಡಿ. ಯೂರೋಪಿನಲ್ಲಿ ಈ ಚಿಕಿತ್ಸೆಯ ವಿಷಯದಲ್ಲಿಯೇ ನಡೆದ ಸಂಗತಿಯನ್ನು ನೋಡಿರಿ. ನೊವಾರ್ಟಿಸ್ ಕಂಪನಿಯೂ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವೂ ಪಡೆದಿದ್ದ ಒಂದು ಪೇಟೆಂಟಿನ ಮೇಲೆ ೨೦೧೯ರ ಜುಲೈ ತಿಂಗಳಲ್ಲಿ ಎರಡು ಸೇವಾಸಂಸ್ಥೆಗಳು ಆಕ್ಷೇಪಣೆ ಸಲ್ಲಿಸಿದುವು. ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಒಂದು, ಫ್ರಾನ್ಸಿನ ಮೆದ್‌ಸ್ಯಾಂ ದ್ಯು ಮೋಂದ್ ಇನ್ನೊಂದು. ಅದರಲ್ಲಿ ಹೇಳಿದ್ದು ನವೀನವಲ್ಲವೆಂಬುದೇ ಅವರ ವಾದದ ಮುಖ್ಯಾಂಶ. ವರ್ಷ ಮುಗಿಯುವುದರೊಳಗಾಗಿ ಪೇಟೆಂಟಿನ ಒಡೆಯರು ತಾವೇ ಅದನ್ನು ರದ್ದುಮಾಡಬೇಕೆಂದು ಬರೆದುಕೊಟ್ಟರು. ಕಾರ್ಖಾನೆಯಾಗಲಿ ಸೈನ್ಯವಾಗಲಿ ಇಲ್ಲದ ಎರಡು ಸಂಸ್ಥೆಗಳು ಓದು ಮತ್ತು ಬರಹಗಳ ಬಲದಿಂದಲೇ ಮಾಡಿದ ಕೆಲಸ ಇದು.

ಕೆಲವು ಶಂಕೆಗಳು, ಅವುಗಳ ಸಮಾಧಾನ

ಶಂಕೆ: ನನ್ನ ಮಗನ ಕಣಕ್ಕೆ ಕಂಪನಿಯವರು ಒಡೆಯರಾದರೆ, ಮಗನ ಮೈಮೇಲೆಯೂ ಅವರಿಗೆ ಅಧಿಕಾರ ಬಂದಂತಾಯಿತೆ?

ಸಮಾಧಾನ: ಇಲ್ಲ. ಪೇಟೆಂಟು ಯಾವ ಮನುಷ್ಯನ ಮೈಮೇಲೂ ಅಧಿಕಾರವನ್ನು ಕೊಡದು. ಪ್ರತಿಸ್ಪರ್ಧಿಯು ಆ ಗ್ರಾಹಕವನ್ನೋ ವಾಹಕವನ್ನೋ ಮಾಡಿ ಮಾರದಂತೆ ತಡೆಯುವ ಅಧಿಕಾರ ಮಾತ್ರ ಅದು. ರಕ್ತ ತೆಗೆಯುವ ಮುನ್ನ ಆಸ್ಪತ್ರೆಯವರು ಸಹಿ ಹಾಕಿಸಿಕೊಳ್ಳುವ ಸಮ್ಮತಿಪತ್ರವು ಬೇರೆಯ ವಿಷಯ. ಉಳಿದ ಮಾದರಿಯನ್ನು ಏನು ಮಾಡುವರೆಂಬುದನ್ನು ಅದರಲ್ಲಿ ಓದಿ, ತಿಳಿಯದಿದ್ದರೆ ಕೇಳಿ, ಅನಂತರ ಸಹಿ ಹಾಕುವುದು ವಿವೇಕ.

ಶಂಕೆ: ಪೇಟೆಂಟನ್ನೇ ಕೊಡದಿದ್ದರೆ ಔಷಧವು ಅಗ್ಗವಾಗದೆ?

ಸಮಾಧಾನ: ಅಷ್ಟು ಸುಲಭವಲ್ಲ. ಒಬ್ಬೊಬ್ಬ ರೋಗಿಗೂ ಪ್ರತ್ಯೇಕವಾಗಿ ತಯಾರಿಸಬೇಕು. ಶುದ್ಧವಾದ ಕೊಠಡಿ, ವೈರಸ್ಸಿನ ವಾಹಕ, ಬಗೆಬಗೆಯ ಪರೀಕ್ಷೆಗಳು, ಆಸ್ಪತ್ರೆಯ ವಾಸ, ಇವೆಲ್ಲಕ್ಕೂ ಹಣ ಬೇಕು. ಶೋಧಕನಿಗೂ ಅವನ ಶ್ರಮದ ಫಲ ಸಿಕ್ಕದಿದ್ದರೆ ಮುಂದಿನ ಶೋಧಕ್ಕೆ ಯಾರು ಮನಸ್ಸು ಮಾಡಿಯಾರು? ಬೆಂಗಳೂರಿನ ಔಷಧವು ಮೂಲತಃ ಸ್ಪೇನ್ ದೇಶದ ಬಾರ್ಸಿಲೋನಾ ನಗರದ ಹಾಸ್ಪಿಟಲ್ ಕ್ಲಿನಿಕ್ ಎಂಬ ಸಾರ್ವಜನಿಕ ಆಸ್ಪತ್ರೆಯಲ್ಲಿ ರೂಪುಗೊಂಡುದು. ಮುಂಬಯಿಯದು ಸರ್ಕಾರದ ವಿದ್ಯಾಸಂಸ್ಥೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಹುಟ್ಟಿದುದು. ಬೆಲೆ ಇಳಿದುದಕ್ಕೆ ಇಂತಹ ತವರು ಮತ್ತು ಇಲ್ಲಿಯೇ ಆದ ತಯಾರಿಕೆ, ಎರಡೂ ಕಾರಣಗಳೆಂದು ನಾವು ಬಗೆಯುವೆವು. ಅಗ್ಗವಾಗಬೇಕಾದರೆ ತಯಾರಿಸಬಲ್ಲವರು ಹೆಚ್ಚಬೇಕು; ತಯಾರಿಸಬಲ್ಲವರು ಹೆಚ್ಚಬೇಕಾದರೆ ಅವರ ದಾರಿಗೆ ಅನ್ಯಾಯದ ಬೇಲಿ ಇರಬಾರದು. ಪರೀಕ್ಷೆಯ ಪ್ರಯೋಜನವಿರುವುದು ಅಲ್ಲಿ.

ಶಂಕೆ: ಕೊಟ್ಟ ಪೇಟೆಂಟು ಜನರಿಗೆ ಎಟುಕದ ಬೆಲೆಗೆ ಕಾರಣವಾದರೆ?

ಸಮಾಧಾನ: ಪೇಟೆಂಟು ಕೊಟ್ಟು ಮೂರು ವರ್ಷ ಕಳೆದಮೇಲೆ, ಬೆಲೆ ಎಟುಕದೆಂದಾಗಲಿ, ಜನರ ಅಗತ್ಯ ಪೂರೈಸಿಲ್ಲವೆಂದಾಗಲಿ ತೋರಿಸಿ, ಮತ್ತೊಬ್ಬ ತಯಾರಕನು ಕಡ್ಡಾಯ ಪರವಾನಗಿಯನ್ನು ಬೇಡಬಹುದು. ೨೦೧೨ನೆಯ ಮಾರ್ಚಿಯಲ್ಲಿ ಬೇಯರ್ ಕಂಪನಿಯ ನೆಕ್ಸಾವರ್ ಎಂಬ ಅರ್ಬುದದ ಮಾತ್ರೆಗೆ ಹೈದರಾಬಾದಿನ ನ್ಯಾಟ್ಕೊದವರು ಹೀಗೆ ಪರವಾನಗಿ ಪಡೆದರು. ತಿಂಗಳಿಗೆ ಸುಮಾರು ೨,೮೦,೦೦೦ ರೂಪಾಯಿಯಿದ್ದ ಔಷಧವು ೮,೮೮೦ ರೂಪಾಯಿಗೆ ಇಳಿಯಿತು. ಆದರೆ ಒಂದು ಭೇದವನ್ನು ಮರೆಯಬಾರದು. ಮಾತ್ರೆಯನ್ನು ನೋಡಿ ಮಾತ್ರೆಯನ್ನು ಮಾಡಬಹುದು. ಜೀವಕಣವನ್ನು ನೋಡಿ ಜೀವಕಣವನ್ನು ಮಾಡಲಾಗದು. ಅದಕ್ಕೆ ಕೈಚಳಕದ ತಿಳಿವು ಬೇಕು, ಮೂಲವಸ್ತು ಬೇಕು. ಪರವಾನಗಿಯ ಕಾಗದವೊಂದೇ ಕೈಗೆ ಬಂದರೆ, ಅಡಿಗೆಯ ಕ್ರಮ ತಿಳಿಯದವಳ ಕೈಗೆ ಉಗ್ರಾಣದ ಬೀಗದಕೈ ಕೊಟ್ಟಂತಾಗುವುದು.

ನಮ್ಮ ಅಭಿಪ್ರಾಯ

ಈ ಕೊನೆಯ ಮಾತಿನಲ್ಲಿಯೇ ಪ್ರಕೃತ ವಿಷಯದ ಸಾರವಿರುವುದೆಂದು ನಮಗೆ ತೋರುವುದು. ಪೇಟೆಂಟು ಕೊಡಬೇಕೆ ಬೇಡವೆ ಎಂದು ಜನರು ವಾದಿಸುವರು. ಅದಕ್ಕಿಂತಲೂ ಮುಖ್ಯವಾದುದು, ಶೋಧಕನು ಕೊಡುವ ವಿವರವು ಪೂರ್ತಿಯಾಗಿದೆಯೆ ಎಂಬುದು. ಕರಾರಿನ ಎರಡು ತಕ್ಕಡಿಗಳಲ್ಲಿ ಒಂದರಲ್ಲಿ ಇಪ್ಪತ್ತು ವರ್ಷಗಳ ಹಕ್ಕು, ಇನ್ನೊಂದರಲ್ಲಿ ಮರ್ಮದ ಪ್ರಕಾಶನ. ಮರ್ಮವನ್ನು ಅರ್ಧ ಹೇಳಿ, ಉಳಿದರ್ಧವನ್ನು ಕಾರ್ಖಾನೆಯ ಗುಟ್ಟಾಗಿ ಬಚ್ಚಿಟ್ಟವನಿಗೆ ಪೂರ್ತಿ ಹಕ್ಕು ಕೊಟ್ಟರೆ, ಇಪ್ಪತ್ತು ವರ್ಷ ತೀರಿದಮೇಲೆಯೂ ಔಷಧವು ಊರಿನದಾಗದು. ಮಾತ್ರೆಯ ಕಾಲದಲ್ಲಿ ಈ ದೋಷವು ಅಷ್ಟಾಗಿ ಬಾಧಿಸಲಿಲ್ಲ. ಜೀವಕಣದ ಕಾಲದಲ್ಲಿ ಇದೇ ಮುಖ್ಯವಾಗುವುದು. ಆದುದರಿಂದ ನವೀನತೆಯನ್ನೂ ಬುದ್ಧಿಯ ಮುನ್ನಡೆಯನ್ನೂ ನೋಡುವ ಪರೀಕ್ಷಕನು, ‘ಈ ಪತ್ರವನ್ನು ಓದಿ ಇನ್ನೊಬ್ಬ ನಿಪುಣನು ಈ ಕಣವನ್ನು ಮಾಡಬಲ್ಲನೆ?’ ಎಂಬ ಪ್ರಶ್ನೆಯನ್ನು ಅಷ್ಟೇ ಕಟ್ಟುನಿಟ್ಟಾಗಿ ಕೇಳಬೇಕೆಂಬುದು ನಮ್ಮ ವಿನಂತಿ.

ವಾಚಕರಿಗೂ ಒಂದು ಮಾತು. ಅರ್ಜಿಗಳು, ಪರೀಕ್ಷಕರ ವರದಿಗಳು, ಅರ್ಜಿದಾರರ ಉತ್ತರಗಳು, ನಿರ್ಣಯಗಳು, ಇವೆಲ್ಲವೂ ಪೇಟೆಂಟು ಕಛೇರಿಯ ಅಂತರ್ಜಾಲದ ಪುಟಗಳಲ್ಲಿ ಎಲ್ಲರಿಗೂ ಓದಲು ದೊರೆಯುವುವು. ಮನೆಯಲ್ಲಿ ವಿಜ್ಞಾನವನ್ನೋ ಕಾನೂನನ್ನೋ ಓದುವ ಮಕ್ಕಳಿದ್ದರೆ, ಅಂತಹ ಒಂದು ಕಡತವನ್ನು ಓದಿ ಹಿರಿಯರಿಗೆ ಕನ್ನಡದಲ್ಲಿ ವಿವರಿಸುವಂತೆ ಹೇಳಿರಿ. ಆ ಮಗುವಿಗೆ ಒಳ್ಳೆಯ ಅಭ್ಯಾಸವಾಗುವುದು, ಹಿರಿಯರಿಗೂ ತಿಳಿವಳಿಕೆಯಾಗುವುದು. ನಮ್ಮ ತಾಲ್ಲೂಕುಗಳಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರೋಗಿಗಳನ್ನು ಕರೆದುಕೊಂಡು ಹೋಗುವ ತಾಯಿತಂದೆಗಳು ಇಂದು ಈ ಔಷಧದ ಹೆಸರನ್ನು ಕೇಳಿ ಬರುವರು, ಬೆಲೆಯನ್ನು ಕೇಳಿ ಮೌನವಾಗುವರು. ಚೆನ್ನೈನ ಕಛೇರಿಯಲ್ಲಿ ಕುಳಿತು ಹಕ್ಕುವಾಕ್ಯದ ಒಂದೊಂದು ಪದವನ್ನೂ ತೂಗುವ ಪರೀಕ್ಷಕನಿಗೆ ಆ ತಾಯಿತಂದೆಗಳ ಮುಖ ಕಾಣದು. ಆದರೂ ಅವನು ತನ್ನ ಕೆಲಸವನ್ನು ಶಾಸ್ತ್ರಕ್ಕೆ ತಪ್ಪದೆ, ಯಾರ ಹಂಗಿಗೂ ಒಳಗಾಗದೆ ಮಾಡಿದರೆ, ಅವರಿಗೆ ಸಲ್ಲಬೇಕಾದ ಉಪಕಾರವು ಅವನಿಂದ ಸಂದಂತೆಯೇ ಸರಿ.